ಮೋಟು ಗೋಪುರ

ಹಾರೆ ಮೂರನೇ ಸಲವೂ ಠಣ್ ಎಂದಿತು. ಗುಂಡಿ ತೋಡುವವನು ಸೊಂಟ ಹಿಡಿದುಕೊಂಡು ಮೇಲೆ ನೋಡಿದ.

"ಇಲ್ಲಿ ಆಗಲ್ಲ ಯಜಮಾನ್ರೇ. ಕೆಳಗೆಲ್ಲ ಕಲ್ಲು."

"ಕಲ್ಲು ಸಿಕ್ಕಿದ್ರೆ ಎತ್ತಿ ಬಿಸಾಕು," ಎಂದರು ಚರ್ಚ್ ಸಭೆಯ ಹಿರಿಯರು. "ಗೋಪುರ ಅರ್ಧಕ್ಕೆ ಬಿಟ್ಟೋನು ಅದರ ಬುಡದಲ್ಲೇ ಮಲಗಲಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಗೋಪುರ ಕಟ್ಟಿದ ಮೇಸ್ತ್ರಿ ಶವಪೆಟ್ಟಿಗೆಯಲ್ಲಿದ್ದ; ಪಕ್ಕ ನಿಂತಿದ್ದ ಅವನ ಮಗಳು ತಲೆ ಎತ್ತಲಿಲ್ಲ. ಸತ್ತವನನ್ನು ಊರು ಕಲ್ಲುಗಳ್ಳ ಎಂದೇ ಕರೆಯುತ್ತಿತ್ತು. ಶಾಲೆಯ ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಅವಳು ಕಲ್ಲುಗಳ್ಳನ ಮಗಳು.

*

ಚರ್ಚಿಗೆ ನೂರು ವರ್ಷ ತುಂಬಿದಾಗ ಸಭೆಗೆ ಗಂಟೆ ಗೋಪುರದ ಆಸೆ ಹುಟ್ಟಿತು. ಅಲ್ಲಿಯವರೆಗೆ ಅದು ಹಂಚಿನ ಮಾಡಿನ ಉದ್ದನೆಯ ಹಜಾರ. ಸುಣ್ಣದ ಗೋಡೆ, ಕಮಾನು ಕಿಟಕಿ. ಪ್ರೊಟೆಸ್ಟೆಂಟರದಾದ್ದರಿಂದ ಒಳಗೆ ಚಿತ್ರವಿಲ್ಲ, ಪ್ರತಿಮೆಯಿಲ್ಲ. ಗಂಟೆ ಮರಕ್ಕೆ ನೇತಾಡುತ್ತಿತ್ತು. ಹೊಸ ನಕ್ಷೆಯಲ್ಲಿ ನಾಲ್ಕು ಅಂತಸ್ತು, ತುದಿಗೆ ಚೂಪು ಶಿಖರ. ಮನೆಗಿಷ್ಟು ಗಾಡಿ ಎಂದು ಜನ ಕಲ್ಲು ತಂದು ಸುರಿದರು.

ಪಾಯ ತೆಗೆದಾಗ ಮೇಸ್ತ್ರಿಗೆ ಕೆಸರು ಸಿಕ್ಕಿತು. ಯಾವುದೋ ಕಾಲದ ಹೊಂಡ ಮುಚ್ಚಿದ ಜಾಗ. ನಾಲ್ಕಡಿಗೆ ನಿಲ್ಲಬೇಕಿದ್ದ ಪಾಯವನ್ನು ಅವನು ಹನ್ನೆರಡಡಿಗೆ ಇಳಿಸಿದ, ಸುತ್ತಲೂ ಅಗಲಿಸಿದ. ಕೊಯ್ಲಿನ ಕಾಲ, ಇತ್ತ ಯಾರೂ ಸುಳಿಯಲಿಲ್ಲ. ಹೊರಗಿನಿಂದ ಬಂದಿದ್ದ ಕೂಲಿಯವರು ಕೆಲಸ ಮುಗಿಸಿ ಹೊರಟುಹೋದರು. ಎರಡನೇ ಅಂತಸ್ತಿಗೇ ಕಲ್ಲು ಮುಗಿಯಿತು.

"ಉಳಿದ ಕಲ್ಲು ಎಲ್ಲಯ್ಯಾ?" ಎಂದು ಸಭೆಯವರು ಮೇಸ್ತ್ರಿಯನ್ನು ಕೇಳಿದರು.

"ನೆಲದೊಳಗಿದೆ. ನಂಬಿಕೆ ಇಲ್ದಿದ್ರೆ ಅಗೆದು ನೋಡಿ."

"ಅಗೆದ್ರೆ ಗೋಪುರ ನಮ್ಮ ತಲೆ ಮೇಲೆ ಬೀಳಲಿ ಅಂತಾನಾ?"

ಯಾರೂ ಅಗೆಯಲಿಲ್ಲ. ಅದೇ ವರ್ಷ ಮೇಸ್ತ್ರಿ ತನ್ನ ಮನೆಗೊಂದು ಕಲ್ಲಿನ ಜಗಲಿ ಕಟ್ಟಿಕೊಂಡಿದ್ದ. ಊರಿಗೆ ಅಷ್ಟೇ ಸಾಕಾಯಿತು. ಆಮೇಲೆ ಒಂದು ಒಲೆ ಕಟ್ಟಲೂ ಅವನನ್ನು ಯಾರೂ ಕರೆಯಲಿಲ್ಲ. ಭಾನುವಾರ ಅವನು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ.

*

ಮಗಳು ಗುಂಡಿಗಿಳಿದು ಕೈಯಿಂದಲೇ ಮಣ್ಣು ಸರಿಸಿದಳು. ಉಳಿಯ ಗುರುತಿದ್ದ ಕಲ್ಲು. ಅದಕ್ಕೆ ಅಂಟಿಕೊಂಡು ಇನ್ನೊಂದು, ಮತ್ತೊಂದು. ಗಾರೆ ಒಂದು ಕಡೆಯೂ ಬಿಟ್ಟಿರಲಿಲ್ಲ.

"ಬಂದು ನೋಡಿ," ಎಂದಳು. "ಒಬ್ಬೊಬ್ರೇ ಬಂದು ನೋಡಿ. ನಿಮ್ಮದೇ ಕಲ್ಲು."

"ಮುಚ್ಚೋ ಅದನ್ನ," ಎಂದರು ಹಿರಿಯರು ಗುಂಡಿಯವನಿಗೆ.

"ಮುಚ್ಚಿದ್ರೆ ನಾಳೆ ನಾನೇ ಅಗೀತೀನಿ."

ಜನ ಬಂದರು, ಬಗ್ಗಿ ನೋಡಿದರು, ಹಿಂದೆ ಸರಿದರು. ಕೊನೆಗೆ ಒಬ್ಬಳು ಮುದುಕಿ ಸಿಡುಕಿದಳು, "ಇಷ್ಟೊಂದು ಕಲ್ಲು ಮಣ್ಣಿಗೆ ಹಾಕು ಅಂತ ಇವನಿಗೆ ಹೇಳಿದೋರು ಯಾರು?"

"ಅದೇ ಮತ್ತೆ!" ಗುಂಪಿಗೆ ಜೀವ ಬಂತು. "ನಮ್ಮನ್ನ ಒಂದು ಮಾತು ಕೇಳಿದ್ನಾ?"

ಹಿರಿಯರು ಮಾತ್ರ ಗೋಪುರವನ್ನೇ ನೋಡುತ್ತಿದ್ದರು. "ಪಾಯ ಇಷ್ಟು ಗಟ್ಟಿ ಇದ್ರೆ," ಎಂದರು, "ಇನ್ನೂ ಎರಡಂತಸ್ತು ಏರಿಸಬಹುದಲ್ಲ."

ಯಾರೋ ಓಡಿಹೋಗಿ ಅಳತೆಯ ಟೇಪು ತಂದರು. ಪಾಸ್ಟರು ಪ್ರಾರ್ಥನೆಯ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಒಂದು ತುದಿ ಹಿಡಿದರು. ಇನ್ನೊಂದು ತುದಿ ಎಳೆಯುತ್ತ ಹಿರಿಯರು ಗೋಡೆಯತ್ತ ನಡೆದರು. ಗುಂಪೆಲ್ಲ ಅವರ ಹಿಂದೆಯೇ ಹೋಯಿತು.

ಬಿಸಿಲು ಪೆಟ್ಟಿಗೆಯ ಮೇಲೆ ಬಂದಿತ್ತು. ಮಗಳು ಗುಂಡಿಯಿಂದ ಹತ್ತಿ ಬಂದು, ಮಣ್ಣುಗೈಯಲ್ಲೇ ಕೊಡೆ ಬಿಚ್ಚಿ, ಅಪ್ಪನ ತಲೆಯಿದ್ದ ಕಡೆಗೆ ಹಿಡಿದು ನಿಂತಳು.