ಮಳೆಗಾಲಕ್ಕೆ ಒಗ್ಗುವ ಕ್ಯಾಮೆರಾ

ಯಂತ್ರ ಯಾವುದೇ ಇರಲಿ, ಅದರ ಜಾತಕ ಹೇಳಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಪಂಪ್‌ಸೆಟ್ಟಿನ ಬೆನ್ನು ತಟ್ಟಿ ಅದರ ಆಯುಷ್ಯ ಹೇಳಿದವನು ನಾನು. ಮರುವಾರವೇ ಅದು ಸುಟ್ಟುಹೋದರೆ ತಪ್ಪು ಪಂಪಿನದು. ಹಾಗಾಗಿ ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ನಮ್ಮ ಮನೆಗೊಂದು ಡಿಜಿಟಲ್ ಕ್ಯಾಮೆರಾ ಬೇಕೆಂದಾದಾಗ ಅದನ್ನು ಪರೀಕ್ಷಿಸುವ ಹೊಣೆ ತಾನಾಗಿಯೇ ನನ್ನ ಹೆಗಲೇರಿತು.

ಬೇಕಾದದ್ದು ನನ್ನ ಹೆಂಡತಿ ವಸಂತಮ್ಮನಿಗೆ. ಭಂಡಿಗಡಿಯ ನಮ್ಮ ಅಂಗಳದಲ್ಲಿ ಅವಳ ಡೇರೆ ಗಿಡ, ಪೇಟೆಯವರು ಡೇಲಿಯಾ ಎನ್ನುವುದು, ಆ ವರ್ಷ ಹೊಸ ಬಣ್ಣದ ಹೂ ಬಿಟ್ಟಿತ್ತು. ಕಡುಗೆಂಪು ಎಸಳು, ತುದಿಗೆ ಮಾತ್ರ ಸುಣ್ಣ ಹಚ್ಚಿದಂತೆ ಬಿಳಿ. ಬೇಗಾರಿನಲ್ಲಿರುವ ಅವಳ ಅಕ್ಕ ಅನ್ನಪೂರ್ಣೇಶ್ವರಿಗೆ ಫೋನಿನಲ್ಲಿ ಸುದ್ದಿ ಹೇಳಿದವನು ನಾನೇ. ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ: ಹೂವು ಮೊರದಷ್ಟು ಅಗಲವಿದೆ, ಕತ್ತಲಾದರೂ ಅಂಗಳಕ್ಕೆ ದೀಪ ಬೇಡ, ಜೇನುಹುಳುಗಳು ಗೇಟಿನವರೆಗೆ ಸಾಲು ನಿಂತಿವೆ.

"ಭಾವ, ನೀವು ಹೇಳಿದ್ರಲ್ಲಿ ಮುಕ್ಕಾಲು ಪಾಲು ಕಳೀಬೇಕು. ಉಳಿಯೂದು ಸೇವಂತಿಗೆಯಷ್ಟೆ," ಎಂದರು ಅತ್ತಿಗೆ. "ಫೋಟೊ ತೋರ್ಸಿ. ನಿಜ ಆದ್ರೆ ನನ್ನ ಹಳದಿ ಡೇರೆ ಗೆಡ್ಡೆ ವಸಂತಿಗೆ."

ನಮ್ಮ ಕಡೆ ಹೆಂಗಸರು ಡೇರೆಯನ್ನು ಅಂಗಡಿಯಿಂದ ತರುವುದಿಲ್ಲ, ಗೆಡ್ಡೆಗೆ ಗೆಡ್ಡೆ ಬದಲಾಯಿಸಿಕೊಳ್ಳುತ್ತಾರೆ. ವಸಂತಮ್ಮ ಎಂತೆಂಥ ಗೆಡ್ಡೆ ಮುಂದಿಟ್ಟರೂ ಆ ಹಳದಿಯ ವಿಷಯದಲ್ಲಿ ಅಕ್ಕ ಕರಗಿರಲಿಲ್ಲ. ಈಗ ಬಂದು ನೋಡೋಣವೆಂದರೆ ಅತ್ತಿಗೆಯ ಕಾಲಿಗೆ ಪ್ಲಾಸ್ಟರ್. ಹೂವನ್ನೇ ಕೊಯ್ದು ಒಯ್ಯೋಣವೇ ಎಂದದ್ದಕ್ಕೆ ವಸಂತಮ್ಮ ನನ್ನನ್ನೇ ಕೊಯ್ಯುವಂತೆ ನೋಡಿದಳು. ಎಸಳು ಉದುರುವ ಮೊದಲು ಫೋಟೊ ಆಗಲೇಬೇಕಿತ್ತು.

ಕೊಪ್ಪದ ಗಜಾನನನ ಅಂಗಡಿಯಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ಕನ್ನಡಿಯಷ್ಟು ನುಣುಪು. ಇನ್ನೊಂದು ಕಪ್ಪು, ಬಲಬದಿಯಲ್ಲಿ ಪೆನ್ಸಿಲ್ ಸೆಲ್ ಕೂರಿಸುವ ಜಾಗ ಗೂನಿನಂತೆ ಉಬ್ಬಿತ್ತು. ಬೆಳ್ಳಿಯದನ್ನು ಅಂಗಿ ಜೇಬಿಗೆ ಹಾಕಿಕೊಂಡು ಬಗ್ಗಿದೆ, ಬೀಳಲಿಲ್ಲ. ಸಾಸಿವೆ ಕಾಳಿನಂಥ ಅದರ ಗುಂಡಿಯನ್ನು ಒತ್ತಿದೆ. ಆನೆಯನ್ನೇ ಹಿಂದಕ್ಕೆ ತಳ್ಳಬಲ್ಲ ನನ್ನ ಬೆರಳು ಮೂರು ಗುಂಡಿ ಒಟ್ಟಿಗೆ ಒತ್ತಿತು, ಕ್ಯಾಮೆರಾ ಚೀನೀ ಭಾಷೆಗೆ ತಿರುಗಿತು.

"ಇದು ರಾಜಕುಮಾರ!" ಎಂದು ತೀರ್ಪು ಕೊಟ್ಟೆ. "ಆ ಕರಿಯದು ಎಂತ ಮಾರಾಯ, ಬೆಲ್ಲದ ಅಚ್ಚಿನ ಹಾಗೆ!"

ವಸಂತಮ್ಮ ಅಂಗಡಿಯೊಳಗೇ ಕೊಡೆ ಬಿಚ್ಚಿದಳು.

"ಅಮ್ಮಾ, ಅಂಗಡಿ ಸೋರೂದಿಲ್ಲ," ಎಂದ ಗಜಾನನ.

"ನನ್ನ ಅಂಗಳ ಸೋರ್ತದೆ ಮಾರಾಯ. ಕೊಡೆ ಯಾರು ಹಿಡೀತಾರೆ, ನೀನು ಬತ್ತೀಯಾ?"

ಕ್ಯಾಮೆರಾ ಮಾಡುವವರ ಊರಿನಲ್ಲಿ ಮನುಷ್ಯನಿಗೆ ಎರಡು ಕೈ ಇರಬೇಕು. ನಮ್ಮಲ್ಲಿ ಮಳೆ ಹಿಡಿದರೆ ಒಂದೇ, ಇನ್ನೊಂದು ಕೊಡೆಗೆ ಸೇರಿದ್ದು. ಅವಳು ಬಲಗೈಯೊಂದರಲ್ಲೇ ಬೆಳ್ಳಿಯದನ್ನು ಹಿಡಿದು ತೋರುಬೆರಳು ಚಾಚಿದ್ದೇ ತಡ, ಅದು ಒದ್ದೆ ಸೋಪಿನಂತೆ ಚಿಮ್ಮಿತು. ನಾನು ಗಾಳಿಯಲ್ಲಿ ಹಾರಿ, ಎರಡು ಸುತ್ತು ತಿರುಗಿ ಅದನ್ನು ಹಿಡಿದೆ. ಅದು ತಾನಾಗಿ ನನ್ನ ಕೈಚೀಲದೊಳಗೆ ಬಿತ್ತೆಂದು ಗಜಾನನ ಹೇಳುವುದುಂಟು. ಅವನ ಕಣ್ಣು ಸರಿಯಿಲ್ಲ.

ಕರಿಯದರ ಗೂನು ಅವಳ ಬೆರಳುಗಳೊಳಗೆ ಸೌಟಿನ ಹಿಡಿಯಂತೆ ಕೂತಿತು. ಹಿಂದುಗಡೆ ಹೆಬ್ಬೆರಳಿಗೊಂದು ರಬ್ಬರಿನ ತುಂಡು, ಮೇಲೆ ಅಗಲವಾದ ಗುಂಡಿ, ಅದರ ಸುತ್ತಲೇ ಝೂಮ್. ಕೊಡೆ ಒಂದಿಷ್ಟೂ ಅಲ್ಲಾಡದಂತೆ ಅವಳು ಗಜಾನನನ ಮೂಗಿನ ಮೇಲಿನ ಮಚ್ಚೆಯನ್ನು ಪರದೆ ತುಂಬ ತಂದಳು.

"ಇದೇ ಆಗ್ಲಿ. ನೀವು ಎಂತ ಹೇಳ್ತೀರಿ?"

"ನಾನು ಮೊದಲಿಂದ ಅದನ್ನೇ ಹೇಳಿದ್ದು," ಎಂದೆ.

ಮನೆಗೆ ಬಂದು ತೆಗೆದ ಮೊದಲ ಫೋಟೊದಲ್ಲಿ ಹೂವಿನ ಮುಂದೆ ಕರಿ ಹಾವು. ನೋಡಿದರೆ ಕ್ಯಾಮೆರಾದ ದಾರ ಲೆನ್ಸಿನ ಮುಂದೆ ಜೋತುಬಿದ್ದಿತ್ತು. ವಸಂತಮ್ಮ ದಾರವನ್ನು ಬಳೆಗಳೊಳಗೆ ಸಿಕ್ಕಿಸಿಕೊಂಡಳು. ಎರಡನೆಯದು ಸ್ವಚ್ಛವಾಗಿ ಬಂತು.

"ಬಣ್ಣ ಸರಿ. ಗಾತ್ರ ಅಕ್ಕ ನಂಬೂದಿಲ್ಲ," ಎಂದು ಸ್ವಲ್ಪ ಯೋಚಿಸಿ, "ನೀವು ಹೂವಿನ ಹಿಂದೆ ಕೂತ್ಕೊಳ್ಳಿ. ಇನ್ನೂ ಹತ್ರ," ಎಂದಳು. ಕೊಡೆ ಅವಳ ಕೈಯಲ್ಲಿ, ಆಕಾಶವೆಲ್ಲ ನನ್ನ ತಲೆಯ ಮೇಲೆ. ಆ ದಿನ ನನ್ನ ಮೇಲೆ ಸುರಿದ ನೀರಿನಲ್ಲಿ ತುಂಗೆಗೆ ನೆರೆ ಬಂತು.

ಮರುದಿನ ಬೇಗಾರಿಗೆ ಹೋದೆವು. ಅತ್ತಿಗೆ ಕನ್ನಡಕ ಏರಿಸಿ, ಕ್ಯಾಮೆರಾದ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದರು.

"ಹೂ ಹೌದು. ಈ ಎರಡು ಬದಿಗೆ ಎಂತ ಇದು, ಎಲೆಯಾ?"

"ಅಲ್ಲ ಅಕ್ಕ, ಇವರ ಕಿವಿ."

"ಮತ್ತೆ ಮುಖ?"

"ಹೂವಿನ ಹಿಂದೆ."

ಅತ್ತಿಗೆ ನಕ್ಕ ರಭಸಕ್ಕೆ ಪ್ಲಾಸ್ಟರ್ ಬಿರುಕು ಬಿಡದಿದ್ದದ್ದು ದೇವರ ದಯೆ. "ಭಾವನ ಬಾಯಿ ಮುಚ್ಚುವಂಥ ಹೂ ಬೆಳೆಸಿದ್ಯಲ್ಲೇ ವಸಂತಿ! ಇದಕ್ಕೆ ಒಂದಲ್ಲ, ಎರಡು ಗೆಡ್ಡೆ ಕೊಡ್ತೆ. ಮಳೆ ಕಳೆದು ಕೀಳುವಾಗ ಬಾ."

ಅಷ್ಟು ದಿನ ಕಾಯುವ ಧೈರ್ಯ ಯಾರಿಗಿದೆ? ವಸಂತಮ್ಮ ಜಡೆಯ ರಿಬ್ಬನ್ ಬಿಚ್ಚಿಕೊಂಡು ಅಂಗಳಕ್ಕೆ ಓಡಿ, ಹಳದಿ ಡೇರೆಯ ಬುಡಕ್ಕೆ ಗುರುತು ಕಟ್ಟತೊಡಗಿದಳು.

"ಎರಡು ಗಂಟು ಹಾಕು ಮಾರಾಯ್ತಿ," ಎಂದು ಅತ್ತಿಗೆ ಕಿಟಕಿಯಿಂದ ಕೂಗಿದರು, "ನನ್ನ ಮನಸ್ಸು ಬದಲಾದೀತು!"

ವಸಂತಮ್ಮ ನಗುತ್ತಲೇ ಮೂರನೆಯ ಗಂಟು ಬಿಗಿದಳು.