ಗಂಡಿನ ಕಡೆಯವರು

ನನ್ನ ಮಗಳು ಶರ್ಲಿನ್ ತನ್ನ ಸ್ವಂತ ಮಗುವನ್ನೇ ದತ್ತು ತೆಗೆದುಕೊಳ್ಳುತ್ತಾಳಂತೆ. ಫೋನಿನಲ್ಲಿ ಈ ಸುದ್ದಿ ಕೇಳುವಾಗ ನಾನು ಬಂಗುಡೆ ಹುರಿಯುತ್ತಿದ್ದೆ. ಮೀನಿನ ಒಂದು ಬದಿ ಪೂರ್ತಿ ಕಪ್ಪಾಯಿತು. ಅದನ್ನೇ ಊಟಕ್ಕೆ ಬಡಿಸಿದಾಗ ನನ್ನ ಗಂಡ ರೋಕ್ ಒಮ್ಮೆ ತಟ್ಟೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಕಪ್ಪನ್ನು ಕೆರೆದು ತಿನ್ನತೊಡಗಿದರು. ಕೇಳಿದ್ದರೂ ಹೇಳುವುದೇನನ್ನು? ನನಗೇ ತಲೆಬುಡ ಅರ್ಥವಾಗಿರಲಿಲ್ಲ.

ಶರ್ಲಿನ್ ಹುಟ್ಟಿ ಬೆಳೆದದ್ದು ಇಲ್ಲೇ ಕುವೈತಿನಲ್ಲಿ, ಫಿಂಟಾಸಿನ ಇದೇ ಫ್ಲ್ಯಾಟಿನಲ್ಲಿ. ನರ್ಸಿಂಗ್ ಓದಲು ಅಮೆರಿಕದ ಓಹಾಯೊ ರಾಜ್ಯಕ್ಕೆ ಹೋದಳು. ಅಲ್ಲೇ ಕೆಲಸ ಸಿಕ್ಕಿತು, ಅಲ್ಲೇ ಮೊಲ್ಲಿಯೂ ಸಿಕ್ಕಿದಳು. ಮೊಲ್ಲಿ ಅಂದರೆ ನಮ್ಮ ಕಡೆಯವಳಲ್ಲ, ಕೆಂಚುಕೂದಲಿನ ಅಮೆರಿಕದ ಹುಡುಗಿ. ಇಬ್ಬರೂ ಮದುವೆಯಾದರು. ಕದ್ದುಮುಚ್ಚಿ ಅಲ್ಲ, ಅಲ್ಲಿಯ ಕಾನೂನಿನಂತೆ, ಸರ್ಕಾರಿ ಸರ್ಟಿಫಿಕೇಟ್ ಪಡೆದು. ಸುದ್ದಿ ಬಂದಾಗ ನಾನು ಅತ್ತುಬಿಟ್ಟೆ. ಇವರು ಹಲವು ತಿಂಗಳು ಮಗಳ ಹತ್ತಿರ ಮಾತು ಬಿಟ್ಟರು. ಆಮೇಲೆ ಇಬ್ಬರಿಗೂ ಸಾಕಾಯಿತು. ಇರುವುದೊಂದು ಮಗಳು, ಅವಳ ದನಿ ಕೇಳದೆ ಬದುಕುವುದು ನಮ್ಮಿಂದ ಆಗುವ ಕೆಲಸವಲ್ಲ. ಆದರೆ ಇಲ್ಲಿ ಯಾರಿಗೂ ಹೇಳಿಲ್ಲ. ಇದು ಅಂಥ ಮಾತನ್ನು ಬಾಯಿಬಿಟ್ಟು ಆಡುವ ದೇಶವಲ್ಲ. ಚರ್ಚಿನಲ್ಲಿ ಕೇಳಿದವರಿಗೆಲ್ಲ ಶರ್ಲಿನ್ ರೂಮ್‌ಮೇಟ್ ಜೊತೆ ಇದ್ದಾಳೆ ಎಂದು ಹೇಳಿ ಹೇಳಿ, ಕೆಲವು ದಿನ ನನಗೇ ಅದು ನಿಜ ಅನಿಸುತ್ತಿತ್ತು.

ಈಗ ಮೊಲ್ಲಿ, ಆಸ್ಪತ್ರೆಯಲ್ಲಿ ಹೆಸರು ಹೇಳದ ದಾನಿಯೊಬ್ಬನ ನೆರವಿನಿಂದ, ಒಂದು ಗಂಡು ಮಗು ಹೆತ್ತಿದ್ದಾಳೆ. ಆನ್ಸನ್ ಎಂದು ಹೆಸರು. ಹೆರಿಗೆಗೆ ಮೊದಲೇ ನಾನು ಊರಿನಿಂದ ಬಾಣಂತಿ ಲೇಹ್ಯ ತರಿಸಿ, ಅಮೆರಿಕಕ್ಕೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿದ್ದೆ. ದಿನಾ ಒಂದು ಚಮಚ ತಿನ್ನು, ಸೊಂಟ ಗಟ್ಟಿಯಾಗುತ್ತದೆ ಎಂದು ಮಗು ಹುಟ್ಟಿದ ದಿನ ಶರ್ಲಿನ್‌ಗೆ ಫೋನು ಮಾಡಿ ಹೇಳಿದೆ. ಮಮ್ಮಿ, ಹೆತ್ತದ್ದು ನಾನಲ್ಲ ಅಂದಳು. ಅದು ನನಗೆ ಗೊತ್ತಿಲ್ಲವೇ? ಆದರೆ ಲೇಹ್ಯ ಕಟ್ಟುವ ಕೈಗೆ ಮಗಳಲ್ಲದೆ ಇನ್ಯಾರು ನೆನಪಾಗುತ್ತಾರೆ? ಕೊನೆಗೆ ಮೊಲ್ಲಿ ಅದನ್ನು ಬ್ರೆಡ್ಡಿಗೆ ಹಚ್ಚಿ ತಿಂದಳಂತೆ.

ಈ ದತ್ತಿನ ವಿಷಯವನ್ನು ಶರ್ಲಿನ್ ನನಗೆ ಎಷ್ಟು ಸಲ ವಿವರಿಸಿದಳೋ ಲೆಕ್ಕವಿಲ್ಲ. ಮದುವೆಯಾಗಿದೆ, ಮಗುವಿನ ಜನನ ಪತ್ರದಲ್ಲಿ ಇಬ್ಬರ ಹೆಸರೂ ಇದೆ, ಮತ್ತೆ ದತ್ತು ಯಾಕೆ ಎಂದು ನಾನು ಕೇಳುವುದು. ಜನನ ಪತ್ರ ಆಫೀಸಿನವರು ಬರೆದುಕೊಟ್ಟದ್ದು, ನಾಳೆ ಬೇರೆ ರಾಜ್ಯಕ್ಕೆ ಹೋದಾಗ ಯಾರಾದರೂ ಇದು ನಡೆಯುವುದಿಲ್ಲ ಎಂದರೆ ಎಂದು ಅವಳು ಹೇಳುವುದು. ಕೋರ್ಟಿನ ಆದೇಶವನ್ನಾದರೆ ಎಲ್ಲ ರಾಜ್ಯದವರೂ ಒಪ್ಪಬೇಕಂತೆ. ಮೊಲ್ಲಿಗೆ ಏನಾದರೂ ಆದರೆ ಮಗು ತನಗೆ ಸೇರಬೇಕು ಎಂದು ಅವಳ ಅಣ್ಣ ಬರಬಹುದಂತೆ. ಈ ಮದುವೆಯಾದ ದಿನದಿಂದ ತಂಗಿಯ ಮುಖ ನೋಡದ ಅಣ್ಣ ಅವನು. ಅವರಿಬ್ಬರ ವಕೀಲೆ ಹೇಳಿದ ಇನ್ನೊಂದು ಮಾತು ಕೇಳಿ ನನ್ನ ತಲೆ ಪೂರ್ತಿ ಕೆಟ್ಟಿತು. ಮದುವೆ ಅಂದರೆ ಗಂಡು ಹೆಣ್ಣಿನ ನಡುವೆ ಮಾತ್ರ ಎಂಬ ಹಳೆಯ ಸಾಲು ಓಹಾಯೊ ರಾಜ್ಯದ ಸಂವಿಧಾನದಲ್ಲಿ ಈಗಲೂ ಇದೆಯಂತೆ. ದೇಶದ ದೊಡ್ಡ ಕೋರ್ಟು ತೀರ್ಪು ಕೊಟ್ಟ ಮೇಲೆ ಅದಕ್ಕೆ ಬೆಲೆ ಇಲ್ಲ, ಆದರೆ ಸಾಲು ಅಲ್ಲೇ ಇದೆ.

"ಬೆಲೆ ಇಲ್ಲ ಅಂದ ಮೇಲೆ ಅಳಿಸ್ಲಿಕ್ಕೆ ಎಂತ ಕಷ್ಟ?"

"ಯಾರೂ ಅಳಿಸ್ಲಿಲ್ಲ ಮಮ್ಮಿ. ಅಷ್ಟೇ."

ಇದನ್ನೆಲ್ಲ ಇವರಿಗೆ ಒಪ್ಪಿಸಿದೆ. ಇವರು ಇಲ್ಲಿಯ ಶರ್ಕ್ ಪೇಟೆಯ ಒಂದು ಕಂಪನಿಯಲ್ಲಿ ಕೆಲಸಗಾರರ ಇಕಾಮಾ ಮಾಡಿಸುವವರು. ಇಲ್ಲಿ ಉಳಿಯಲು ಬೇಕಾದ ಆ ಪರವಾನಗಿಯ ಹಿಂದೆ ಓಡಾಡಿಯೇ ತಲೆ ಬೆಳ್ಳಗಾಗಿದೆ. ನನ್ನ ಮಾತು ಮುಗಿಯುವ ಮೊದಲೇ ಅವರಿಗೆ ಅರ್ಥವಾಯಿತು. ಇಲ್ಲಿ ನಮಗೂ ಮನೆ ಉಂಟು, ಕೆಲಸ ಉಂಟು, ಮಗಳು ಇಲ್ಲೇ ಹುಟ್ಟಿದಳು, ಆದರೂ ಬೇರೆಯವರು ಹೌದು ಅನ್ನುವವರೆಗೆ ಯಾವುದೂ ನಮ್ಮದಲ್ಲ, ಇದರಲ್ಲಿ ಹೊಸತೇನುಂಟು ಎಂದರು. ನನಗೆ ಸ್ವಲ್ಪ ಸಿಟ್ಟು ಬಂತು. ಇಷ್ಟು ಬೇಗ ಅರ್ಥ ಮಾಡಿಕೊಳ್ಳುವವರು ಅಷ್ಟು ತಿಂಗಳು ಮಾತು ಬಿಟ್ಟದ್ದು ಯಾಕೆ?

ಶರ್ಲಿನ್ ಕೇಳಿದ್ದು ಒಂದೇ. ವಿಚಾರಣೆ ವಿಡಿಯೋದಲ್ಲಿ ನಡೆಯುತ್ತದೆ, ಮೊಲ್ಲಿಯ ತಾಯಿ ಕೂರುತ್ತಾರೆ, ನಿಮ್ಮಲ್ಲಿ ಒಬ್ಬರಾದರೂ ಕಾಣಿಸಿಕೊಳ್ಳಿ ಎಂದಳು. ಅಲ್ಲಿಂದ ಇವರ ಭಯ ಶುರುವಾಯಿತು. ಕೋರ್ಟಿನಲ್ಲಿ ರೆಕಾರ್ಡ್ ಮಾಡುತ್ತಾರೆ, ಅದು ಎಲ್ಲಿಗೋ ಹೋಗುತ್ತದೆ, ಕಂಪನಿಗೆ ಗೊತ್ತಾದರೆ ಕೆಲಸ ಖಲಾಸ್, ಕೆಲಸ ಹೋದರೆ ಇಕಾಮಾ ಖಲಾಸ್. ಕೊನೆಗೆ ಕ್ಯಾಮೆರಾ ಹಾಕದೆ, ಹೆಸರು ಕೊಡದೆ ಕೇಳಿಸಿಕೊಳ್ಳುವುದು ಎಂದು ತೀರ್ಮಾನ ಮಾಡಿದರು. ನಾನೂ ಒಪ್ಪಿದೆ. ಭಯ ನನಗೂ ಇತ್ತು.

ಆ ವಾರವೇ ಇನ್ನೊಂದು ಜಗಳವೂ ಆಯಿತು. ಕೋರ್ಟಿನ ಕೆಲಸ ಮುಗಿದ ಮೇಲೆ ಆನ್ಸನ್‌ಗೆ ಜ್ಞಾನಸ್ನಾನ, ಅಲ್ಲಿಯ ಪಾದ್ರಿಯವರು ಒಪ್ಪಿದ್ದಾರೆ ಎಂದು ಶರ್ಲಿನ್ ಹೇಳಿದ್ದಳು. ನಮ್ಮ ಊರಿನ ಕ್ರೈಸ್ತರಲ್ಲಿ ಒಂದು ರೂಢಿ ಉಂಟು. ಮೊದಲ ಮಗುವನ್ನು ಚರ್ಚಿನಲ್ಲಿ ಎತ್ತಿ ಹಿಡಿಯುವವರು ಗಂಡಿನ ಅಪ್ಪ ಮತ್ತು ಹೆಣ್ಣಿನ ಅಮ್ಮ. ಎರಡನೆಯದಕ್ಕೆ ಅದಲುಬದಲು, ಹೆಣ್ಣಿನ ಅಪ್ಪ ಮತ್ತು ಗಂಡಿನ ಅಮ್ಮ. ಹಾಗಾದರೆ ನಾವು ಯಾರು? ನಮಗಿರುವುದು ಮಗಳು, ಆದ್ದರಿಂದ ನಾವು ಹೆಣ್ಣಿನ ಕಡೆ. ಮೊಲ್ಲಿಯ ಮನೆಯವರೂ ಹೆಣ್ಣಿನ ಕಡೆಯೇ. ಅಂದರೆ ಹಿಡಿಯುವವರು ಎರಡೂ ಕಡೆಯ ಅಜ್ಜಿಯರು, ಅಜ್ಜಂದಿರಿಗೆ ಏನೂ ಕೆಲಸವಿಲ್ಲ ಎಂದು ನಾನು ನಕ್ಕೆ.

"ಹಾಗಾದ್ರೆ ನಾನು ಅಲ್ಲಿ ಕೈಬೀಸಿಕೊಂಡು ನಿಲ್ಲುದಾ?" ಎಂದರು ಇವರು.

ಮುಖ ತೋರಿಸಲು ಹೆದರುವವರಿಗೆ ಮಗುವನ್ನು ಯಾರು ಕೊಡುತ್ತಾರೆ ಎಂದುಬಿಟ್ಟೆ. ಇವರು ಎದ್ದು ಬಾಲ್ಕನಿಗೆ ಹೋದರು.

ವಿಚಾರಣೆಯ ದಿನ ಅಲ್ಲಿ ಬೆಳಗ್ಗೆ, ಇಲ್ಲಿ ಸಂಜೆ. ನಾನು ಶರ್ಕಿನಲ್ಲೇ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನ್ನಿನಲ್ಲಿ ಇರುವವಳು. ಜೊತೆಯ ನುಹಾಳಿಗೆ, ಗಂಡ ಬಂದಿದ್ದಾರೆ, ಸ್ವಲ್ಪ ಹೊತ್ತು ನೋಡಿಕೋ ಎಂದು ಹೇಳಿ ಹಿಂದಿನ ಪಾರ್ಕಿಂಗಿಗೆ ಇಳಿದೆ. ಕಾರಿನ ಗಾಜು ಏರಿಸಿ, ಏಸಿ ಜೋರು ಮಾಡಿ, ಫೋನನ್ನು ಸ್ಟೀರಿಂಗಿಗೆ ಒರಗಿಸಿ ಇಬ್ಬರೂ ಕೂತೆವು. ಎದುರಿನ ನೆರಳಿನಲ್ಲಿ ಕಟ್ಟಡದ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಇವರು ಅವನ ಕಡೆಗೊಮ್ಮೆ, ಫೋನಿನ ಕಡೆಗೊಮ್ಮೆ ನೋಡುತ್ತಿದ್ದರು. ಪರದೆಯ ಮೇಲೆ ನಮ್ಮ ಜಾಗದಲ್ಲಿ ಗೆಸ್ಟ್ ಎಂದಿತ್ತು.

ಜಡ್ಜ್ ಬಿಳಿ ಕೂದಲಿನ ಹೆಂಗಸು. ಮೊಲ್ಲಿಯನ್ನು ಒಪ್ಪಿಗೆ ಇದೆಯೇ ಎಂದು ಕೇಳಿದರು, ಅವಳು ಇದೆ ಎಂದಳು. ಶರ್ಲಿನ್‌ನನ್ನು ಯಾಕೆ ಎಂದು ಕೇಳಿದರು. ನಾನು ಈಗಾಗಲೇ ಇವನ ತಾಯಿ, ಅದನ್ನು ಇನ್ನು ಯಾರೂ ಅಲ್ಲ ಅನ್ನಬಾರದು ಎಂದಳು. ಮಗು ಅವಳ ತೋಳಿನ ಮೇಲೆ ಜೊಲ್ಲು ಸುರಿಸುತ್ತಿತ್ತು. ಆಗ ಜಡ್ಜ್ ಕನ್ನಡಕ ಸರಿಮಾಡಿಕೊಂಡು, ಈ ಗೆಸ್ಟ್ ಯಾರು ಎಂದು ಕೇಳಿದರು. ದತ್ತಿನ ವಿಚಾರಣೆ ಗುಟ್ಟಿನದು, ಕುಟುಂಬದವರಲ್ಲದಿದ್ದರೆ ಹೊರಗೆ ಕಳಿಸಬೇಕಾಗುತ್ತದೆ ಎಂದರು.

ಶರ್ಲಿನ್ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿದಳು. ನಮ್ಮ ಭಯ ಅವಳಿಗೆ ಗೊತ್ತು. ಕ್ಯಾಮೆರಾದ ಕಡೆ ನೋಡಿದಳು. ನಾನು ಅವಳ ಅಮ್ಮ ಎಂದು ಹೇಳಲು ಬಾಗಿದವಳು ಕಾವಲುಗಾರನನ್ನು ನೋಡಿ ಹಿಂದೆ ಸರಿದೆ. ಅಷ್ಟರಲ್ಲಿ ಇವರು ಕೈ ಚಾಚಿ ಕ್ಯಾಮೆರಾ ಒತ್ತಿದರು. ಬೆವರಿದ ಮುಖ ಪರದೆ ತುಂಬಾ ಬಂತು.

"ಯುವರ್ ಆನರ್, ನಾನು ರೋಕ್. ಕುವೈತಿನಿಂದ," ಎಂದರು ತಮ್ಮ ಆಫೀಸ್ ಇಂಗ್ಲಿಷಿನಲ್ಲಿ. "ನಾವು ಗಂಡಿನ ಕಡೆಯವರು. ನಾನು ಮಗುವಿನ ತಂದೆಯ ತಂದೆ."

ಜಡ್ಜ್ ಪೆನ್ನು ಕೆಳಗಿಟ್ಟರು. ವಕೀಲೆ ಕುರ್ಚಿಯಿಂದ ಎದ್ದೇ ಬಿಟ್ಟಳು. ಈ ಮಗುವಿಗೆ ತಂದೆಯೊಬ್ಬ ಇದ್ದರೆ ಅವನ ಒಪ್ಪಿಗೆ ಎಲ್ಲಿ, ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಜಡ್ಜ್ ಕಾಗದ ಮಗುಚತೊಡಗಿದರು. ನಾನು ಇವರ ತೊಡೆಗೆ ಚಿವುಟಿದೆ. ಮಗಳ ಬದುಕು ದಡ ಮುಟ್ಟುವ ಹೊತ್ತಿಗೆ ಈ ಮನುಷ್ಯ ಎಲ್ಲ ಹಾಳು ಮಾಡಿದರಲ್ಲ ಎಂದುಕೊಂಡೆ. ಶರ್ಲಿನ್ ಅಳುತ್ತಾ ನಗುತ್ತಾ, ಇವರು ನನ್ನ ಡ್ಯಾಡಿ, ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳಲು ಗಂಡಿನ ಅಪ್ಪನಾಗುತ್ತಿದ್ದಾರೆ, ನಮ್ಮಲ್ಲಿ ಹಾಗೊಂದು ರೂಢಿ ಎಂದು ಹೇಗೋ ವಿವರಿಸಿದಳು. ಜಡ್ಜಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಹಾಗಾದರೆ ಈ ಪ್ರಕರಣದಲ್ಲಿ ತಂದೆ ಇಲ್ಲ ತಾನೇ ಎಂದು ಇವರನ್ನೇ ಕೇಳಿದರು.

"ತಂದೆ ಇಲ್ಲ, ಯುವರ್ ಆನರ್," ಎಂದರು ಇವರು. "ಅಜ್ಜ ಇದ್ದೇನೆ."

ಕಾವಲುಗಾರ ಈಗ ಕಾರಿನ ಕಡೆಗೇ ನೋಡುತ್ತಿದ್ದ. ಇವರು ಕ್ಯಾಮೆರಾ ಮುಚ್ಚಲಿಲ್ಲ.

ಜಡ್ಜ್ ಆದೇಶ ಓದಿದರು. ಇನ್ನು ಮುಂದೆ ಶರ್ಲಿನ್ ಎಲ್ಲ ರೀತಿಯಲ್ಲೂ ಆನ್ಸನ್‌ನ ತಾಯಿ ಎಂಬ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು, ಉಳಿದದ್ದು ಕೇಳಿಸಲಿಲ್ಲ. ಇವರು ಟಿಶ್ಯೂ ಹುಡುಕುವ ನೆಪದಲ್ಲಿ ಡ್ಯಾಶ್‌ಬೋರ್ಡಿನ ಖಾನೆ ತೆರೆದು ಮುಖ ಅದರೊಳಗೆ ಹಾಕಿ ಕೂತರು. ಸ್ವಲ್ಪ ಹೊತ್ತಿನಲ್ಲೇ ಶರ್ಲಿನ್ ಬೇರೆಯಾಗಿ ಫೋನು ಮಾಡಿದಳು. ಆಗ ನನಗೆ ಒಮ್ಮೆಲೇ ಹೊಳೆಯಿತು. ಇವರು ಗಂಡಿನ ಅಪ್ಪನಾದರೆ ಹೆಣ್ಣಿನ ಅಮ್ಮ ಮೊಲ್ಲಿಯ ತಾಯಿ. ಲೇಹ್ಯ ಕಳಿಸಿದವಳಿಗೆ ಮಗುವನ್ನು ಹಿಡಿಯುವ ಭಾಗ್ಯವಿಲ್ಲ.

"ಮಮ್ಮಿ, ಅಳ್ತಾ ಇದ್ದೀಯಾ?"

"ನಿನ್ನ ಡ್ಯಾಡಿ ನನ್ನನ್ನು ಹೊರಗೆ ಹಾಕಿದ್ರು. ಎರಡನೆಯದಕ್ಕೆ ಗಂಡಿನ ಅಮ್ಮ ನಾನು. ಜಾಸ್ತಿ ತಡ ಮಾಡ್ಬೇಡಿ."

ಆಚೆ ಮೊಲ್ಲಿಗೆ ಅವಳು ಇಂಗ್ಲಿಷಿನಲ್ಲಿ ಅದನ್ನು ಹೇಳುವುದು ಕೇಳಿಸಿತು. ಇಬ್ಬರೂ ನಕ್ಕರು. ಯಾರು ಹೆರಬೇಕು ಎಂದು ಕೇಳಿದಳು ಶರ್ಲಿನ್.

"ಯಾರು ಬೇಕಾದ್ರೂ ಹೆರಿ," ಎಂದೆ. "ಲೇಹ್ಯ ಯಾರಿಗೆ ಅಂತ ಮಾತ್ರ ಮೊದಲೇ ಹೇಳಿ."