ವರ್ಷತೊಡಕಿನ ಮೂರೆಲೆ ಆಟ

ನನ್ನ ತವರು ಕೆ.ಆರ್. ಪೇಟೆ ಕಡೆ. ನಮ್ಮಪ್ಪ ಇಸ್ಪೀಟು ಎಲೆ ಕಂಡರೆ ಹಾವು ಕಂಡವರ ಹಾಗೆ ಬೆಚ್ಚುತ್ತಿದ್ದರು. ಅಂಥ ಮನೆಯಿಂದ ಅರಕೆರೆಗೆ ಸೊಸೆಯಾಗಿ ಬಂದವಳು ಮೊದಲ ವರ್ಷವೇ ಮೂರೆಲೆ ಆಟ ಕಲಿತೆ, ಅದೂ ಅತ್ತೆಯ ಪಕ್ಕದಲ್ಲಿ ಕೂತು. ಹೇಳಿದರೆ ನಗುತ್ತಾರೆ. ನಗಲಿ ಬಿಡಿ.

ಅದು ತೊಂಬತ್ನಾಲ್ಕರ ಯುಗಾದಿ. ಹಬ್ಬದ ಮಾರನೆಯ ದಿನ ವರ್ಷತೊಡಕು. ಬಾಡೂಟ ಮುಗಿದ ಮೇಲೆ ಗಂಡಸರು ಅರಳಿಕಟ್ಟೆಗೆ ಹೋದರೆ, ಹೆಂಗಸರು ಎದುರು ಮನೆ ಅಣ್ಣಮ್ಮನ ಜಗಲಿಗೆ. ವರ್ಷಕ್ಕೊಂದು ದಿನ ಹೆಂಗಸರೂ ಎಲೆ ಹಿಡಿಯುವುದು ನಮ್ಮ ಬೀದಿಯ ರೂಢಿ. ಪಣಕ್ಕೆ ಕಾಸಲ್ಲ, ಹುಣಸೆಬೀಜ. ಆ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವ ನಂಬಿಕೆ ಬೇರೆ. ಅದಕ್ಕೇ ನಾನು ಬಾಡೂಟ ಅರ್ಧಕ್ಕೇ ಬಿಟ್ಟು ಎದ್ದಿದ್ದೆ.

ಕಾರಣ ಬೆಟ್ಟಮ್ಮ. ನಮ್ಮತ್ತೆ ದೊಡ್ಡತಾಯಮ್ಮನ ಓರಗಿತ್ತಿ, ನನಗೆ ಚಿಕ್ಕತ್ತೆ. ಪಕ್ಕದ ಮನೆ, ಒಂದೇ ಹಿತ್ತಿಲು. ತಮ್ಮನ ಮಗಳನ್ನು ಲೋಕೇಶನಿಗೆ, ಅಂದರೆ ನನ್ನ ಗಂಡನಿಗೆ, ತರುತ್ತಾರೆ ಎಂದು ಆಸೆ ಇಟ್ಟುಕೊಂಡಿದ್ದರು. ಅತ್ತೆ ನನ್ನನ್ನು ತಂದರು. ಮದುವೆಯ ದಿನವೇ ಬೆಟ್ಟಮ್ಮ ಅತ್ತೆಯೊಡನೆ ಮಾತು ಬಿಟ್ಟರು. ನನ್ನ ಮುಖವನ್ನಂತೂ ನೋಡುತ್ತಲೇ ಇರಲಿಲ್ಲ. ಹಾಲುಜೇನಿನಂತಿದ್ದವರು ನನ್ನಿಂದ ಎಣ್ಣೆ ಸೀಗೆಕಾಯಿ ಆದರಲ್ಲ ಎಂದು ಬಚ್ಚಲಲ್ಲಿ ಎಷ್ಟು ಸಲ ಅತ್ತಿದ್ದೇನೋ. ಇವತ್ತೂ ಮಾತಾಡದಿದ್ದರೆ ಇನ್ನೊಂದು ವರ್ಷ ಹೀಗೇ.

ತೊಡಕಿನ ದಿನ ಆಟಕ್ಕೆ ಕರೆದರೆ ಇಲ್ಲ ಅನ್ನುವ ಹಾಗಿಲ್ಲ. ಹಾಗಾಗಿ ಇಬ್ಬರೂ ಬಂದಿದ್ದರು. ಅಣ್ಣಮ್ಮ ನನ್ನನ್ನು ಇಬ್ಬರ ನಡುವೆ ಕೂರಿಸಿ ತಾವೂ ಕೂತರು; ನಮ್ಮ ಗುಂಪಿಗೆ ನಾಲ್ವರೇ.

“ನೀ ಇಲ್ಲಿ ಬೇಲಿ ಇದ್ದಂಗೆ ಕೂತ್ಕೊ ಕಣಮ್ಮಿ. ಮೂರ್ ಎಲೆ ಕೊಡ್ತೀನಿ. ಮೂರೂ ಒಂದೇ ಆದ್ರೆ ಅದ್ಕಿಂತ ದೊಡ್ಡದಿಲ್ಲ. ಆಮೇಕೆ ಒಂದ್ರ ಹಿಂದೊಂದು ಬರೋವು, ಆಮೇಕೆ ಒಂದೇ ಜಾತಿವು, ಆಮೇಕೆ ಜೋಡಿ. ಆಟದಲ್ಲಿರೋವ್ರು ಸರದಿ ಬಂದಾಗೆಲ್ಲ ಬೀಜ ಹಾಕ್ಬೇಕು. ಎಲೆ ಚೆನ್ನಾಗಿಲ್ವಾ, ಕೆಳಕ್ಕೆ ಮಡಗ್ಬುಡು, ಆಟ ಬುಟ್ಟಂಗೆ. ಮಡಗಿದ್ದ ಯಾರೂ ಎತ್ತಿ ನೋಡಂಗಿಲ್ಲ, ಏನಿತ್ತು ಅಂತ ನೀನೂ ಯೋಳಂಗಿಲ್ಲ. ಕೊನೇಗೆ ಇಬ್ರೇ ಉಳುದ್ರೆ ಒಬ್ರು ಇನ್ನೊಬ್ರ ‘ತೋರ್ಸು’ ಅಂತ ಬಾಯ್ಬುಟ್ಟು ಕೇಳ್ಬೇಕು, ಕೈಸನ್ನೆ ನಡೆಯಾಕಿಲ್ಲ. ಇನ್ನೊಂದು, ಒಳ್ಳೆ ಎಲೆ ಬಂದದ್ದು ಮೊಕದಲ್ಲಿ ಕಾಣ್ಬಾರ್ದು.”

ಮುಖ ಬಿಗಿಹಿಡಿಯುವುದೇನು ಕಷ್ಟ. ಹೊಸ ಸೊಸೆಗೆ ದಿನವೂ ಅದೇ ತಾನೆ ಕೆಲಸ. ಆದರೂ ನನಗೆ ಒಳ್ಳೆಯ ಎಲೆ ಬಂದಾಗಲೆಲ್ಲ ಬೆಟ್ಟಮ್ಮ ತಗ್ಗಿಸಿದ ತಲೆ ಎತ್ತದೆ ತಮ್ಮ ಎಲೆ ಕೆಳಗಿಟ್ಟುಬಿಡುತ್ತಿದ್ದರು. ಪ್ರತಿ ಸಲ ತಪ್ಪಿಸಿಕೊಳ್ಳುತ್ತಾರಲ್ಲ, ಎಂಥ ಅದೃಷ್ಟ ಇವರದು ಎಂದುಕೊಂಡೆ.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಕೊನೆಯ ಆಟ. ಎಲೆ ನೋಡದೆ ಒಂದು ಸುತ್ತು ಎಲ್ಲರೂ ಬೀಜ ಹಾಕಿದ ಮೇಲೆ ಅಣ್ಣಮ್ಮ ಆಟ ಬಿಟ್ಟರು. ಅತ್ತೆ ಮತ್ತೆ ಬೀಜ ಹಾಕಿದರು. ನನ್ನ ಸರದಿ. ಎಲೆ ಎತ್ತಿ ನೋಡಿದರೆ ಮೂರೂ ರಾಜ.

ಬೀಜದ ರಾಶಿಯೆಲ್ಲ ನನ್ನದೇ. ಆಗ ಹೊಳೆಯಿತು. ಬೇಲಿ ತೆಗೆದರೆ ಉಳಿಯುವವರು ಇವರಿಬ್ಬರೇ. ಒಬ್ಬರಾದರೂ ಬಾಯಿ ಬಿಡಲೇಬೇಕು.

“ನಂದು ಮಡಗ್ದೆ,” ಎಂದು ಎಲೆ ಬೋರಲು ಹಾಕಿದೆ.

ಅಯ್ಯೋ ಶಿವನೇ, ಆ ಇಬ್ಬರ ಹಟ ಏನು ಹೇಳಲಿ. ಅತ್ತೆ ಬೀಜ ಹಾಕಿದರೆ ಬೆಟ್ಟಮ್ಮನೂ ಹಾಕಿದರು, ಮತ್ತೆ ಅತ್ತೆ, ಮತ್ತೆ ಬೆಟ್ಟಮ್ಮ. ‘ತೋರಿಸು’ ಅಂದರೆ ಸೋತ ಹಾಗೆ. ತಮ್ಮ ಬೀಜ ಮುಗಿದಾಗ ಅತ್ತೆ ನನ್ನ ಮಡಿಲಿಗೆ ಕೈ ಹಾಕಿದರು, ಬೆಟ್ಟಮ್ಮ ಅಣ್ಣಮ್ಮನ ಮುಂದಿದ್ದುದನ್ನು ಬಾಚಿಕೊಂಡರು.

“ಮಡಕೇಲಿರೋ ಹುಣ್ಸೆಹಣ್ಣೂ ತರ್ಲೇನ್ರವ್ವ, ಅದ್ರಲ್ಲೂ ಬೀಜ ಅವೆ,” ಅಂದರು ಅಣ್ಣಮ್ಮ. ಇಬ್ಬರೂ ನಗಲಿಲ್ಲ.

ಕೊನೆಗೆ ಬೆಟ್ಟಮ್ಮನ ಕೈ ಬರಿದಾಯಿತು. ತಲೆ ಎತ್ತಿ, “ತೋರ್ಸಕ್ಕ,” ಅಂದರು.

ಆ ‘ಅಕ್ಕ’ ಕೇಳಿ ಅತ್ತೆ ಬೆಟ್ಟಮ್ಮನ ಕಡೆ ತಿರುಗಿದರು. ಎಲೆ ಬಿಚ್ಚಿದರೆ ಎರಡು, ಏಳು, ಒಂಬತ್ತು. ಬೆಟ್ಟಮ್ಮನದು ಅದಕ್ಕಿಂತ ಕಡೆ.

“ಇದ್ಕಾ ಇಷ್ಟ್ ಬೀಜ ಸುರುದೆ ತಾಯಿ ನೀನು?” ಅಂದರು ಅತ್ತೆ.

“ನೀನೇನ್ ಕಮ್ಮಿ ಸುರುದ್ಯಾ?”

ಇಬ್ಬರೂ ನಕ್ಕೂ ನಕ್ಕೂ ಸೆರಗಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಎದ್ದು ಎಲ್ಲರಿಗೂ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಅತ್ತುಬಿಟ್ಟೆ.

ಸಂಜೆ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬೆಟ್ಟಮ್ಮ ತಟ್ಟೆಯಲ್ಲಿ ಒಬ್ಬಟ್ಟು ಹಿಡಿದು ಬಂದು ಎದುರಿಗೆ ನಿಂತರು.

“ನಿನ್ ಎಲೆ ಏನಿತ್ತಮ್ಮಿ?”

“ಏನೂ ಇರ್ಲಿಲ್ಲ ಚಿಕ್ಕತ್ತೆ.”

“ಅಂಗೇ ಯೋಳ್ಬೇಕು,” ಅಂದರು. ತಟ್ಟೆ ನನ್ನ ಕೈಗಿಟ್ಟು, ಮೊದಲ ಸಲ ನನ್ನ ಮುಖ ನೋಡಿದರು. “ಒಳ್ಳೆ ಎಲೆ ಬಂದ್ರೆ ನಿನ್ ಕಾಲ್ಬೆಳ್ಳು ಸುಮ್ನಿರಾಕಿಲ್ಲ, ಕಾಲುಂಗ್ರ ಕುಣೀತದೆ. ಮೊಕ ನೋಡ್ದೆ ಕೂತೋಳ್ಗೆ ಕಾಲೇ ತಾನೆ ಕಾಣೋದು. ಕಡೇ ಆಟದಲ್ಲಂತೂ ಕುಣಿದಿದ್ದೇ ಕುಣಿದಿದ್ದು. ಮುಂದಿನ್ ವರ್ಷ ಸೀರೆ ಇಳಿಬುಟ್ಕಂಡು ಕೂತ್ಕೊ.”

ಅತ್ತೆ, ಬೆಟ್ಟಮ್ಮ ಇಬ್ಬರೂ ಈಗ ಇಲ್ಲ. ತೊಡಕಿನ ದಿನ ಈಗಲೂ ಮೂರೆಲೆ ಆಡುತ್ತೇವೆ. ನನ್ನ ಕಾಲು ನೋಡುವವರು ಯಾರೂ ಇಲ್ಲ. ಆದರೂ ಕೂರುವ ಮೊದಲು ಸೀರೆ ಇಳಿಬಿಟ್ಟುಕೊಳ್ಳುತ್ತೇನೆ.